ಎರಡನೆಯ ಬಾಗಿನ

ನಮ್ಮ ಮನೆಯಲ್ಲಿ ಗೌರಿಯನ್ನು ಪೇಟೆಯಿಂದ ಕೊಂಡು ತರುವ ಪದ್ಧತಿ ಇರಲಿಲ್ಲ. ಕಂಪಲಾಪುರದ ರಸ್ತೆಯಿಂದ ನಮ್ಮೂರಿಗೆ ತಿರುಗುವಲ್ಲಿ ಒಂದು ಕೆರೆ ಇದೆ. ಹಬ್ಬದ ದಿನ ಹೊತ್ತು ಮೂಡುವ ಮೊದಲೇ ಅವ್ವ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ, ಹಿತ್ತಾಳೆ ಚೆಂಬು, ಅರಿಶಿನ ಕುಂಕುಮ, ವೀಳ್ಯದೆಲೆ ಹಿಡಿದು ಆ ಕೆರೆಗೆ ಹೊರಡುತ್ತಿದ್ದಳು. ಅವಳ ಹಿಂದೆ ನಾನು. ಅಲ್ಲಿ ಮೊದಲು ನೀರಿಗೆ, ಅಂದರೆ ಗಂಗೆಗೆ, ಪೂಜೆ. ಆಮೇಲೆ ಕೆರೆಯಂಚಿನ ಜೇಡಿಮಣ್ಣನ್ನು ಒಂದು ಬೊಗಸೆಯಷ್ಟು ತೆಗೆದು ಬಾಳೆಲೆಯಲ್ಲಿಟ್ಟು, ಚೆಂಬಿಗೆ ನೀರು ತುಂಬಿಕೊಂಡು, ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ಮನೆ ಸೇರಬೇಕು. ನಡುಮನೆಯ ಮಣೆಯ ಮೇಲೆ ಆ ಮಣ್ಣನ್ನು ಅದೇ ನೀರಿನಲ್ಲಿ ಕಲಸಿ ಅವ್ವ ಗೇಣುದ್ದದ ಗೌರಿ ಮಾಡುತ್ತಿದ್ದಳು. ಕಣ್ಣು, ಮೂಗು, ಕೈ, ಕಾಲು ಒಂದೂ ಇಲ್ಲದ, ಗೋಪುರದಂಥ ಗೌರಿ. ಅರಿಶಿನ ಮೆತ್ತಿ, ಕುಂಕುಮವಿಟ್ಟು, ಕರಿಮಣಿ ಸುತ್ತಿ, ಹತ್ತಿಯ ಗೆಜ್ಜೆವಸ್ತ್ರ ಹಾಕಿದ ಮೇಲೆ ಆ ಮಣ್ಣಿಗೆ ಎಲ್ಲಿಂದಲೋ ಒಂದು ಮುಖ ಬಂದಂತೆ ಕಾಣುತ್ತಿತ್ತು.

ಅಜ್ಜಿ, ಎಂದರೆ ಅಪ್ಪನ ತಾಯಿ, ಇದಾವುದನ್ನೂ ಮುಟ್ಟುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡವಳಾದ್ದರಿಂದ ಮುಟ್ಟುವಂತಿರಲಿಲ್ಲ. ಆದರೆ ಹಬ್ಬ ನಡೆಯುತ್ತಿದ್ದುದು ಅವಳ ಬಾಯಿಂದಲೇ. ಅಡುಗೆಮನೆಯ ಹೊಸ್ತಿಲಿನಾಚೆ ಕಾಲು ಚಾಚಿ ಕುಳಿತು, ಮಣ್ಣು ಎಷ್ಟು ಹದವಿರಬೇಕು, ದಾರಕ್ಕೆ ಹದಿನಾರು ಗಂಟು ಹಾಕಿದೆಯೋ ಇಲ್ಲವೋ, ಒಬ್ಬಟ್ಟಿನ ಹೂರಣಕ್ಕೆ ಏಲಕ್ಕಿ ಬಿದ್ದಿತೋ ಇಲ್ಲವೋ ಎಂದು ಒಂದೊಂದನ್ನೂ ಅಲ್ಲಿಂದಲೇ ಕೇಳುತ್ತಿದ್ದಳು. ಅವ್ವ ಸೊಸೆಯಾಗಿ ಬಂದು ಹನ್ನೆರಡು ವರ್ಷವಾಗಿದ್ದರೂ ಆ ದಿನ ಮಾತ್ರ ಹೊಸ ಸೊಸೆಯ ಹಾಗೆ ಕೇಳಿ ಕೇಳಿ ಮಾಡುತ್ತಿದ್ದಳು. ಗೌರಿ ಗಂಡನ ಮನೆಯಿಂದ ತವರಿಗೆ ಬರುವ ಮಗಳು, ಮಾರನೆಯ ದಿನ ಅವಳನ್ನು ಕರೆದುಕೊಂಡು ಹೋಗಲು ಮಗ ಗಣಪ ಬರುತ್ತಾನೆ, ಆದ್ದರಿಂದ ಇರುವಷ್ಟು ಹೊತ್ತು ಅವಳಿಗೆ ಯಾವುದರಲ್ಲೂ ಕೊರತೆಯಾಗಬಾರದು ಎಂದು ಅಜ್ಜಿ ಪ್ರತಿವರ್ಷ ಹೇಳುತ್ತಿದ್ದಳು. ಮನೆಗೆ ಬಂದ ದೇವರಿಗೆ ಇಷ್ಟು ಮಾಡಿ, ಮನೆಯಿಂದ ಹೋದ ಮಗಳನ್ನು ಮರೆತರೆ ಆ ಪೂಜೆ ಯಾವ ಗೌರಿಗೂ ಮುಟ್ಟುವುದಿಲ್ಲ ಎಂಬುದು ಅವಳ ನಂಬಿಕೆ.

ಹಾಗಾಗಿ ಪೂಜೆಯಷ್ಟೇ ದೊಡ್ಡದು ಬಾಗಿನ. ಹೊಸ ಮೊರ ತೊಳೆದು, ಅರಿಶಿನ ಬಳಿದು, ಅದರಲ್ಲಿ ಅಕ್ಕಿ, ಬೇಳೆಗಳು, ಬೆಲ್ಲದಚ್ಚು, ತೆಂಗಿನಕಾಯಿ, ರವಿಕೆಕಣ, ಬಳೆ, ಬಾಚಣಿಗೆ, ಸಣ್ಣ ಕನ್ನಡಿ, ಕರಿಮಣಿ ಎಲ್ಲವನ್ನೂ ಜೋಡಿಸಿ, ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಕಟ್ಟಿದರೆ ಒಂದು ಬಾಗಿನ. ಅವ್ವನಿಗೆ ಅವಳ ಅಣ್ಣಂದಿರು ಕೃಷ್ಣರಾಜನಗರದ ಕಡೆಯಿಂದ ಹಬ್ಬಕ್ಕೆ ಎರಡು ದಿನ ಮೊದಲೇ ತಂದುಕೊಡುತ್ತಿದ್ದರು. ನಮ್ಮ ಮನೆಯಿಂದ ಹೋಗಬೇಕಾದದ್ದು ಒಂದೇ. ಅದು ಅಪ್ಪನ ಒಬ್ಬಳೇ ತಂಗಿ ಸಣ್ಣತ್ತೆಗೆ. ಅವಳನ್ನು ವೀರನಹೊಸಹಳ್ಳಿಯ ಹತ್ತಿರ, ಕಾಡಿಗೆ ಅಂಟಿಕೊಂಡಂತಿದ್ದ ಊರಿಗೆ ಕೊಟ್ಟಿತ್ತು. ಹಬ್ಬದ ಕಾಲ ಎಂದರೆ ನಮ್ಮಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಹಿತ್ತಿಲಾಚೆಯ ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪನ್ನು ಕಟ್ಟಿ ನೇತುಹಾಕಿ ಕಾಯಿಸುವ ಆ ಎತ್ತರದ ಗೋಡೆಯ ಮನೆಯಲ್ಲಿ, ಒಲೆ ಒಂದು ಗಳಿಗೆಯೂ ಆರುವಂತಿರಲಿಲ್ಲ. ಆದರೂ ಅಪ್ಪ ಆ ಒಂದು ದಿನ ಒಲೆಯನ್ನು ಪಕ್ಕದ ಹೊಲದವರಿಗೆ ಒಪ್ಪಿಸಿ, ಬಿಳಿ ಪಂಚೆ ಉಟ್ಟು, ಬಾಗಿನವನ್ನು ಹೊಸ ಟವೆಲ್ಲಿನಲ್ಲಿ ಕಟ್ಟಿಕೊಂಡು ತಂಗಿಯ ಮನೆಗೆ ಹೋಗಿ ಉಂಡು ಬರುತ್ತಿದ್ದ.

ನನಗೆ ಹತ್ತು ವರ್ಷವಾಗಿದ್ದಾಗ ಅದು ನಿಲ್ಲುವ ಹಾಗಾಯಿತು. ಸಣ್ಣತ್ತೆಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಆ ವರ್ಷ ಮಾಘದಲ್ಲಿ ಮಾವ ಇನ್ನೊಂದು ಮದುವೆ ಮಾಡಿಕೊಂಡ. ನಮಗೆ ಯಾರೂ ತಿಳಿಸಲಿಲ್ಲ. ಹುಣಸೂರಿನ ಸಂತೆಯಲ್ಲಿ ಆ ಕಡೆಯವರೊಬ್ಬರು ಅಪ್ಪನ ಕಿವಿಗೆ ಹಾಕಿದರು. ಅಪ್ಪ ಕೊಂಡಿದ್ದ ಸಾಮಾನನ್ನು ಅಲ್ಲೇ ಅಂಗಡಿಯಲ್ಲಿಟ್ಟು ನೇರ ತಂಗಿಯ ಊರಿಗೆ ಹೋದ. ಮಾವನ ಕುತ್ತಿಗೆಪಟ್ಟಿ ಹಿಡಿದನಂತೆ. ಮಾವ ತನ್ನ ತಾಯಿ ಹಟ ಹಿಡಿದಳು ಎಂದಷ್ಟೇ ಹೇಳಿ ತಲೆತಗ್ಗಿಸಿ ನಿಂತನಂತೆ. ಪೊಲೀಸ್ ಠಾಣೆಗೆ ಹೋಗೋಣ, ಇಲ್ಲವೇ ಬಟ್ಟೆ ಕಟ್ಟು ಮನೆಗೆ ಹೋಗೋಣ ಎಂದು ಅಪ್ಪ ತಂಗಿಗೆ ಹೇಳಿದ. ಅತ್ತೆ ಎರಡಕ್ಕೂ ಒಪ್ಪಲಿಲ್ಲ. ಒಂಬತ್ತು ವರ್ಷ ಗೇಯ್ದ ಹೊಲ ಬಿಟ್ಟು ಬಂದು ಅಣ್ಣನ ಮನೆಯ ಮೂಲೆಯಲ್ಲಿ ಕೂರುವುದಿಲ್ಲ ಎಂದಳು. ಅಪ್ಪ ಅವರ ಬಾಗಿಲಿಗೆ ಬೆನ್ನು ಮಾಡಿ, ಇನ್ನು ಈ ಹೊಸ್ತಿಲು ದಾಟಿದರೆ ನನ್ನಪ್ಪನಿಗೆ ಹುಟ್ಟಿದವನೇ ಅಲ್ಲ ಎಂದು ಆಣೆ ಇಟ್ಟು ಬಂದ.

ಆಮೇಲೆ ಮನೆಯಲ್ಲಿ ಸಣ್ಣತ್ತೆಯ ಹೆಸರು ಎತ್ತುವವರಿರಲಿಲ್ಲ. ಊಟಕ್ಕೆ ಕುಳಿತಾಗ ಅಪ್ಪ ತಟ್ಟೆ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ಅಜ್ಜಿ ಎರಡು ಹೊತ್ತಿನ ಊಟವನ್ನು ಒಂದು ಹೊತ್ತಿಗೆ ಇಳಿಸಿದಳು, ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದಳು. ಹಾಗೇ ಆರೇಳು ತಿಂಗಳು ಕಳೆದು ಗೌರಿ ಹಬ್ಬ ಬಂತು. ಹಬ್ಬದ ಹಿಂದಿನ ದಿನ ಅಜ್ಜಿ ಅಪ್ಪನನ್ನು ಕರೆದು ಮೇದರ ಕೇರಿಯಿಂದ ಎರಡು ಮೊರ ತರಲು ಹೇಳಿದಳು. ಯಾರಿಗೆ ಎಂದ ಅಪ್ಪ. ನಿನ್ನ ತಂಗಿಗೆ ಎಂದಳು ಅಜ್ಜಿ. ತಾನು ಆಣೆ ಇಟ್ಟಿರುವುದು ಮರೆತುಹೋಯಿತೇ ಎಂದು ಅಪ್ಪ ಕೇಳಿದಾಗ ಅಜ್ಜಿಯ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ನಿನ್ನ ಆಣೆ ನಿನ್ತಾವೇ ಇಟ್ಕೊ ಕಣಪ್ಪ. ಬಾಗಿನ ನಿಂದಲ್ಲ, ಈ ಮನೇದು. ಹೊಸ್ಲು ದಾಟ್ಬ್ಯಾಡ ಬುಡು, ಆಚೇಲೆ ನಿಂತ್ಕೊ. ಮಗ ತಕೊಂಡೋಗಿ ಒಳೀಕೆ ಕೊಡ್ತದೆ."

ಮಗ ಎಂದರೆ ನಾನು, ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಹಾಗೆಯೇ ಕರೆಯುತ್ತಾರೆ. ಹೀಗೆ ಹಬ್ಬದ ದಿನ ಪೂಜೆ ಮುಗಿದ ಮೇಲೆ, ಹಸಿರು ಲಂಗ ಉಟ್ಟುಕೊಂಡು, ಕಟ್ಟಿದ ಬಾಗಿನವನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಪಕ್ಕ ಬಸ್ಸಿನಲ್ಲಿ ಕುಳಿತೆ. ಹುಣಸೂರಿನಲ್ಲಿ ಬಸ್ಸು ಬದಲಿಸಿದೆವು. ಆ ಬಸ್ಸಿನಲ್ಲಿ ನಮ್ಮ ಹಾಗೆಯೇ ಬಾಗಿನ ಹೊತ್ತ ಅಣ್ಣತಮ್ಮಂದಿರು ನಾಲ್ಕೈದು ಮಂದಿ ಇದ್ದರು. ಎಲ್ಲಿಗೆ, ಯಾರ ಮನೆಗೆ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಅಪ್ಪನನ್ನು ಕೇಳಿದಾಗ ಅವನು ಕಿಟಕಿಯ ಕಡೆ ತಿರುಗಿಕೊಂಡ. ಬಸ್ಸಿಳಿದು ಮುಸುಕಿನ ಜೋಳದ ಹೊಲಗಳ ನಡುವೆ ಒಂದು ಮೈಲಿ ನಡೆದೆವು. ಅತ್ತೆಯ ಮನೆ ಕಾಣುವಷ್ಟು ದೂರದಲ್ಲಿ ಹೊಂಗೆಮರದ ಕೆಳಗೆ ಅಪ್ಪ ನಿಂತುಬಿಟ್ಟ. ಬಾಗಿನವನ್ನು ನನ್ನ ಕೈಗೆ ಕೊಟ್ಟು, ಕೊಟ್ಟು ಬಂದುಬಿಡು, ಅಲ್ಲಿ ಏನನ್ನೂ ತಿನ್ನಬೇಡ ಎಂದ.

ಬಾಗಿಲು ತೆರೆದವಳು ಹದಿನೆಂಟು ಹತ್ತೊಂಬತ್ತರ ಒಬ್ಬ ಹುಡುಗಿ. ಕೈಯೆಲ್ಲ ಹೂರಣ. ಸೀರೆಯ ಮೇಲಿನಿಂದಲೇ ಬಸುರಿ ಎಂದು ಗೊತ್ತಾಗುತ್ತಿತ್ತು. ಮಾವ ಹೊಸದಾಗಿ ಕಟ್ಟಿಕೊಂಡ ರತ್ನ ಅವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಕೈಯಲ್ಲಿದ್ದ ಮೊರಗಳನ್ನು ನೋಡಿ ಅವಳು ಒಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗೆ ಸಣ್ಣತ್ತೆ ಗೌರಿಯ ಮುಂದೆ ಒಬ್ಬಳೇ ಕುಳಿತಿದ್ದಳು. ನನ್ನನ್ನು ಕಂಡು ಅವಳ ಮುಖ ಅರಳಿತು, ಮರುಗಳಿಗೆಯಲ್ಲೇ ನನ್ನ ಹಿಂದೆ ಯಾರೂ ಇಲ್ಲವೆಂದು ಕಂಡು ಮುದುಡಿತು. ಅಪ್ಪ ಎಲ್ಲಿ ಎಂದು ಕೇಳಿದಳು. ಮರದ ಕೆಳಗೆ ಎಂದೆ. ಅತ್ತೆ ಬಾಗಿನಕ್ಕೆ ಕೈ ಚಾಚಲಿಲ್ಲ. ಎದ್ದು, ನನ್ನ ಭುಜ ಹಿಡಿದುಕೊಂಡು, ಬಾಗಿನದ ಸಮೇತ ನನ್ನನ್ನು ತಿರುಗಿಸಿಕೊಂಡು ಹೊರಗೆ ನಡೆದಳು. ಹೋಗುವಾಗ ಹಿಂಬಾಗಿಲಿನಿಂದ ಮಾವ ಹೊಲದ ಕಡೆ ಜಾರಿಕೊಂಡದ್ದು ನನಗೆ ಕಾಣಿಸಿತು.

ಹೊಂಗೆಮರದ ಕೆಳಗೆ ಅಣ್ಣ ತಂಗಿ ಎದುರುಬದುರು ನಿಂತರು. ಅತ್ತೆ ಅಳಲಿಲ್ಲ. ಅಪ್ಪನ ಆರೋಗ್ಯ, ಅಜ್ಜಿಯ ಮಂಡಿನೋವು, ಸೊಪ್ಪಿನ ಬೆಳೆ ಎಲ್ಲವನ್ನೂ ವಿಚಾರಿಸಿದಳು. ಆಮೇಲೆ, ಬಾಗಿನ ತಂದವನು ಒಳಗೆ ಬಂದು ಕೊಡಬೇಕು ಎಂದಳು. ಅಪ್ಪ ಆಗುವುದಿಲ್ಲ ಎಂದ. ಆ ಮನೆಯಲ್ಲಿ ಆ ಹೆಂಗಸು ಇರುವವರೆಗೆ ತಾನು ಕಾಲಿಡುವುದಿಲ್ಲ ಎಂದ. ಅದಕ್ಕೆ ಅತ್ತೆ ಹೇಳಿದ ಮಾತು ನನಗೆ ಇಂದಿಗೂ ಅಕ್ಷರ ತಪ್ಪದೆ ನೆನಪಿದೆ.

"ಆ ಹುಡ್ಗೀಗೆ ತವ್ರಿಲ್ಲ ಕಣಣ್ಣ. ಅವ್ವ ಅಪ್ಪ ಇಲ್ಲ. ಕೋಟೆ ತಾಲ್ಲೂಕ್ ಕಡೆ ಅದರ ಊರೇ ಡ್ಯಾಮಿನ ನೀರ್ನಾಗೆ ಮುಳುಗೋಯ್ತು. ಇವತ್ತು ಹಬ್ಬದ ದಿನ, ಅದು ಒಲೆ ಮುಂದೆ ಕುಂತ್ಕಂಡು ಅಳ್ತಾ ಒಬ್ಬಟ್ಟು ತಟ್ತಾ ಅದೆ. ನಾನು ಒಬ್ಳೇ ಗೌರಿ ಮುಂದೆ ಕುಂತು ಬಾಗಿನ ಇಸ್ಕಳಕೆ ನಂಗೆ ಆಯ್ಕಿಲ್ಲ. ತಂದ್ರೆ ಇಬ್ಬರ್ಗೂ ತಾ. ಇಲ್ದಿದ್ರೆ ನಂಗೂ ಬ್ಯಾಡ."

ಅಪ್ಪನ ಮುಖ ಕಪ್ಪಿಟ್ಟಿತು. ನಿನ್ನ ಬಾಳು ಹಾಳುಮಾಡಿದವಳಿಗೆ ನಾನು ಅಣ್ಣನಾಗಬೇಕೇ ಎಂದು ಕೇಳಿದ. ಹಾಳುಮಾಡಿದವರು ಯಾರು ಎಂದು ನನಗೆ ಗೊತ್ತು, ಅದು ಆ ಹುಡುಗಿಯಲ್ಲ ಎಂದಳು ಅತ್ತೆ. ಅಪ್ಪ ನನ್ನ ಕೈಯಿಂದ ಬಾಗಿನ ಕಸಿದುಕೊಂಡು ಬಸ್ಸಿನ ದಾರಿ ಹಿಡಿದ. ನಾನು ಅವನ ಹಿಂದೆ ಓಡಿದೆ. ಒಮ್ಮೆ ತಿರುಗಿ ನೋಡಿದಾಗ ಅತ್ತೆ ಮರದ ಬುಡದಲ್ಲಿ ಕುಳಿತುಬಿಟ್ಟಿದ್ದಳು.

ತವರಿನಿಂದ ಹೋದ ಬಾಗಿನ ತಿರುಗಿ ಬರುವುದು ಎಂದರೆ ನಮ್ಮ ಕಡೆ ಸಾವಿನ ಸುದ್ದಿ ಬಂದ ಹಾಗೆ. ಅಂಗಳದಲ್ಲಿ ಅದನ್ನು ಕಂಡು ಅವ್ವ ಬಾಯಿಗೆ ಸೆರಗು ಹಿಡಿದಳು. ಅಪ್ಪ ಅದನ್ನು ಜಗುಲಿಯ ಮೇಲಿಟ್ಟು, ಬಟ್ಟೆ ಬದಲಿಸಿ, ಬ್ಯಾರನ್ನಿನ ಒಲೆಯ ಮುಂದೆ ಹೋಗಿ ಕುಳಿತ. ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡು ಅತ್ತೆ ಹೇಳಿದ್ದನ್ನೆಲ್ಲ ಹೇಳಿಸಿದಳು. ಮುಗಿದ ಮೇಲೆ ಇನ್ನೊಮ್ಮೆ ಹೇಳು ಎಂದಳು. ಊರೇ ನೀರಿನಲ್ಲಿ ಮುಳುಗಿದ ಮಾತು ಬಂದಾಗ ಕಣ್ಣು ಮುಚ್ಚಿಕೊಂಡಳು. ಬಹಳ ಹೊತ್ತಿನ ಮೇಲೆ ಅವ್ವನನ್ನು ಕರೆದು, ಬಾಗಿನವನ್ನು ಗೌರಿಯ ಮುಂದೆ ಇಡಲು ಹೇಳಿದಳು. ಆಮೇಲೆ ಬ್ಯಾರನ್ನಿನಲ್ಲಿದ್ದ ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಇದು ಸೇರಬೇಕಾದವರನ್ನು ಸೇರುವವರೆಗೆ ಗೌರಿಯನ್ನು ಕೆರೆಗೆ ಬಿಡುವುದಿಲ್ಲ ಎಂದಳು.

ವಾಡಿಕೆಯಂತೆ ಮೂರನೆಯ ದಿನ ಗೌರಿ ಗಣಪರನ್ನು ಒಟ್ಟಿಗೆ ಕೆರೆಗೆ ಬಿಡಬೇಕು. ಆ ಸಲ ಗಣಪ ಒಬ್ಬನೇ ಹೋದ. ಕರೆಯಲು ಬಂದ ಮಗನನ್ನು ಒಬ್ಬನನ್ನೇ ಕಳಿಸಿದರಲ್ಲ ಎಂದು ಕೇರಿಯ ಹೆಂಗಸರು ಮಾತಾಡಿಕೊಂಡರು. ಗೌರಿ ಮನೆಯಲ್ಲಿ ಕುಳಿತಿರುವವರೆಗೆ ಮನೆ ಮಡಿಯಲ್ಲಿರಬೇಕು. ಎರಡು ಹೊತ್ತು ದೀಪ, ಎರಡು ಹೊತ್ತು ನೈವೇದ್ಯ. ಅವ್ವ ದಿನವೂ ಹೊತ್ತು ಮೂಡುವ ಮೊದಲೇ ಮಿಂದು, ಹೊಲದ ಆಳುಗಳಿಗೆ ಅಡುಗೆ ಮಾಡಿ, ಮತ್ತೆ ಬೇರೆಯಾಗಿ ದೇವರಿಗೆ ಮಾಡುತ್ತಿದ್ದಳು. ಐದು ದಿನವಾಯಿತು, ಏಳು ದಿನವಾಯಿತು. ಅಪ್ಪ ಊಟಕ್ಕೂ ಒಳಗೆ ಬರುತ್ತಿರಲಿಲ್ಲ, ಬ್ಯಾರನ್ನಿಗೇ ಬುತ್ತಿ ಕೊಟ್ಟು ಬರುತ್ತಿದ್ದವಳು ನಾನು. ಬೆಂಕಿಯ ಝಳಕ್ಕೆ ಅವನ ಕಣ್ಣುಗಳು ಕೆಂಪಾಗಿರುತ್ತಿದ್ದವು. ಬುತ್ತಿಯಲ್ಲಿ ಅರ್ಧ ಹಾಗೆಯೇ ಉಳಿದಿರುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಗೌರಿಯ ಮೈ ಬಿರುಕು ಬಿಟ್ಟಿತ್ತು. ನೆತ್ತಿಯಿಂದ ಬುಡದವರೆಗೆ ಒಂದು ಸೀಳು. ಅವ್ವ ಹೆದರಿ ಅಜ್ಜಿಯನ್ನು ಕೂಗಿದಳು. ಅಜ್ಜಿ ಹೊಸ್ತಿಲಿನಾಚೆಯಿಂದಲೇ ನೋಡಿ, ಚೆಂಬಿನಲ್ಲಿ ಉಳಿದಿರುವ ಗಂಗೆಯ ನೀರಿನಲ್ಲಿ ಬೆರಳದ್ದಿ ಸವರು ಎಂದಳು. ಅವ್ವ ಸವರುತ್ತಿರುವಾಗ ನಾನು ಅಜ್ಜಿಯ ಪಕ್ಕ ನಿಂತಿದ್ದೆ. ಗಂಗೆಯೂ ಗೌರಿಯೂ ಶಿವನ ಹೆಂಡಿರು, ಸವತಿಯರು, ಜಗಳವಾಡಿದವರು ಎಂಬ ಕಥೆ ನನಗೆ ಗೊತ್ತಿತ್ತು. ಹಾಗಿದ್ದ ಮೇಲೆ ಗೌರಿಯ ಹಬ್ಬದಲ್ಲಿ ಮೊದಲ ಪೂಜೆ ಗಂಗೆಗೆ ಯಾಕೆ ಎಂದು ಕೇಳಿದೆ.

"ನೀರಿಲ್ದೆ ಮಣ್ಣು ನಿಂತ್ಕಂಡದಾ ಮಗ?" ಎಂದಳು ಅಜ್ಜಿ.

ಅದನ್ನು ಅವಳು ನನಗೆ ಹೇಳಿದಳೋ, ಅವ್ವನಿಗೆ ಹೇಳಿದಳೋ ಗೊತ್ತಿಲ್ಲ. ಅವ್ವ ಮಾತ್ರ ಬೆರಳನ್ನು ಗೌರಿಯ ಮೇಲೆ ಹಾಗೆಯೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಿದ್ದಳು. ನನ್ನ ಅವ್ವ ಆ ಮನೆಯಲ್ಲಿ ತಾನಾಗಿ ಒಂದು ಕೆಲಸವನ್ನು ತೀರ್ಮಾನಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಜ್ಜಿ ಹೇಳಿದ್ದನ್ನು ಮಾಡುವುದು, ಗಂಡ ಹೇಳಿದ್ದನ್ನು ಮಾಡುವುದು, ಇಬ್ಬರೂ ಬೇರೆ ಬೇರೆ ಹೇಳಿದರೆ ಸುಮ್ಮನೆ ಅಡುಗೆಮನೆ ಸೇರುವುದು ಅವಳ ರೀತಿ. ಆ ದಿನ ಅವಳು ಎದ್ದು ಅಟ್ಟದಿಂದ ತನ್ನ ಅಣ್ಣಂದಿರು ತಂದುಕೊಟ್ಟಿದ್ದ ಬಾಗಿನವನ್ನು ಇಳಿಸಿದಳು. ತನಗೆಂದು ಬಂದ ಬಳೆಗಳು ರತ್ನಳ ಕೈಗೆ ದೊಡ್ಡವಾಗುತ್ತವೆಯೇ ಎಂದು ನನ್ನನ್ನು ಕೇಳಿದಳು. ಅವಳ ಕೈ ಸಣ್ಣದು ಎಂದೆ. ಅವನ್ನು ತೆಗೆದು, ತಾನು ಮದುವೆಯ ಹೊಸತರಲ್ಲಿ ಇಟ್ಟುಕೊಳ್ಳುತ್ತಿದ್ದ ಸಣ್ಣ ಅಳತೆಯ ಹಸಿರು ಬಳೆಗಳನ್ನು ಪೆಟ್ಟಿಗೆಯಿಂದ ಹುಡುಕಿ ಇಟ್ಟಳು. ಮೊರ ಮುಚ್ಚಿ ದಾರ ಕಟ್ಟಿದಳು. ಅಜ್ಜಿ ಹೊಸ್ತಿಲಿನಾಚೆಯಿಂದ ನೋಡುತ್ತಿದ್ದಳು. ಒಂದು ಬಾಗಿನವನ್ನು ಅವ್ವ ತಲೆಯ ಮೇಲೆ ಹೊತ್ತಳು, ಇನ್ನೊಂದನ್ನು ನನಗೆ ಕೊಟ್ಟಳು. ಹೊರಡುವಾಗ ಬ್ಯಾರನ್ನಿನ ಮುಂದೆ ನಿಂತು, ಒಳಗಿದ್ದ ಅಪ್ಪನಿಗೆ, ಸಾರು ಒಲೆಯ ಮೇಲಿದೆ, ನಾವು ಸಂಜೆಯ ಬಸ್ಸಿಗೆ ಬರುತ್ತೇವೆ ಎಂದಷ್ಟೇ ಹೇಳಿದಳು.

ಕಂಪಲಾಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಅಪ್ಪ ಬಂದ. ಹೊಗೆಸೊಪ್ಪಿನ ಅಂಟು ಮೆತ್ತಿದ ಅದೇ ಅಂಗಿ, ಅದೇ ಚಡ್ಡಿ, ಮೇಲೆ ಅವಸರದಲ್ಲಿ ಸುತ್ತಿದ ಒಂದು ಪಂಚೆ. ಓಡಿಬಂದಿದ್ದನೆಂದು ಕಾಣುತ್ತದೆ, ಏದುಸಿರು ಬಿಡುತ್ತಿದ್ದ. ಅವ್ವನ ಮುಖ ನೋಡದೆ ಅವಳ ತಲೆಯ ಮೇಲಿದ್ದ ಮೊರವನ್ನು ಇಳಿಸಿ ತನ್ನ ಕೈಗೆ ತೆಗೆದುಕೊಂಡ. ಒಲೆ ಯಾರು ನೋಡುತ್ತಾರೆ ಎಂದು ಅವ್ವ ಕೇಳಿದಳು. ಆರಿದರೆ ಆರಲಿ ಎಂದ. ಆ ಸಲ ಒಂದು ಬ್ಯಾರನ್ ಸೊಪ್ಪು ಕಪ್ಪಾಗಿ ಕೆಟ್ಟಿತು. ಅದರ ಬಗ್ಗೆ ಅವನು ಮುಂದೆ ಎಂದೂ ಮಾತೆತ್ತಲಿಲ್ಲ.

ಸಣ್ಣತ್ತೆಯ ಮನೆಯ ಮುಂದೆ ಅಪ್ಪ ಒಂದು ಗಳಿಗೆ ನಿಂತ. ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ, ಹೊಸ್ತಿಲು ದಾಟಿದ. ಅತ್ತೆ ಅಡುಗೆಮನೆಯಿಂದ ಬಂದು ನೋಡಿ ಗೋಡೆ ಹಿಡಿದುಕೊಂಡಳು. ಅವರ ಮನೆಯ ಗೌರಿಯನ್ನು ಎಂದೋ ಬಿಟ್ಟಾಗಿತ್ತು. ಗೋಡೆಯ ಮೇಲಿನ ದೇವರ ಪಟದ ಮುಂದೆಯೇ ದೀಪ ಹಚ್ಚಿದರು. ಅವ್ವ ಮೊದಲು ಅತ್ತೆಗೆ ಕೊಟ್ಟಳು. ತನ್ನ ಸೆರಗಿನ ತುದಿಯನ್ನು ಮೊರದ ಮೇಲೆ ಮುಚ್ಚಿ ಅವಳು ಕೊಡುವುದು, ತನ್ನ ಸೆರಗಿನಲ್ಲಿ ಮುಚ್ಚಿಕೊಂಡು ಇವಳು ತೆಗೆದುಕೊಳ್ಳುವುದು. ಆಮೇಲೆ ರತ್ನಳನ್ನು ಕರೆದರು. ಅವಳು ಬರಲಿಲ್ಲ. ಅತ್ತೆಯೇ ಹೋಗಿ ಕೈಹಿಡಿದು ಕರೆತಂದಳು. ಅವಳಿಗೆ ಯಾರೂ ಎಂದೂ ಬಾಗಿನ ಕೊಟ್ಟಿರಲಿಲ್ಲವಾದ್ದರಿಂದ ಹೇಗೆ ಇಸಿದುಕೊಳ್ಳಬೇಕೆಂಬುದೇ ಗೊತ್ತಿರಲಿಲ್ಲ. ಪ್ರಸಾದಕ್ಕೆ ಒಡ್ಡುವ ಹಾಗೆ ಎರಡೂ ಅಂಗೈ ಒಡ್ಡಿದಳು. ಅತ್ತೆ ಅವಳ ಸೆರಗನ್ನು ತೆಗೆದು ಅವಳ ಕೈಗಳ ಮೇಲೆ ಹರಡಿ, ಹೀಗೆ ಎಂದು ತೋರಿಸಿದಳು. ಮೊರ ಅವಳ ಕೈ ಸೇರಿದಾಗ ಅದರೊಳಗಿನ ಬಳೆಗಳು ಗಲಗಲ ಎಂದವು. ಅಪ್ಪ ತೊಲೆಯ ಕಡೆ ನೋಡುತ್ತ ಕುಳಿತಿದ್ದ. ಎಲೆ ಹಾಕಿದರು, ಉಂಡ. ಮಾವ ಬಂದು ಬಾಗಿಲ ಬಳಿ ನಿಂತದ್ದನ್ನು ಕಂಡರೂ ಕಾಣದವನಂತೆ ಎದ್ದು ಹೊರಟ. ಮಾವನೊಡನೆ ಅಪ್ಪ ಸಾಯುವವರೆಗೆ ಮಾತಾಡಲಿಲ್ಲ. ಮಾರನೆಯ ದಿನ ನಾವು ಗೌರಿಯನ್ನು ಕೆರೆಗೆ ಬಿಟ್ಟೆವು.

ಬಾಗಿನ ಕೊಡುವುದು ಸುಲಭ, ಕೊಟ್ಟ ಮೇಲಿನದು ಕಷ್ಟ ಎಂದು ಎಲ್ಲರಿಗೂ ತಿಳಿದದ್ದು ಆ ವರ್ಷದ ಕೊನೆಯಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ರಾಗಿ ಕೊಯ್ಲಿನ ನಡುವೆ ಒಂದು ಮಧ್ಯಾಹ್ನ ಸಣ್ಣತ್ತೆ ರತ್ನಳನ್ನು ಕರೆದುಕೊಂಡು ನಮ್ಮ ಅಂಗಳದಲ್ಲಿ ನಿಂತಿದ್ದಳು. ಒಂದು ಬಟ್ಟೆಗಂಟು, ತುಂಬಿದ ಬಸುರಿ. ತಾನೂ ಜೊತೆಗಿರುತ್ತೇನೆ ಎಂದಳು. ಅಜ್ಜಿ ಎದ್ದು ನಡುಮನೆಯ ಪಕ್ಕದ ಕೋಣೆಯಲ್ಲಿದ್ದ ರಾಗಿಚೀಲಗಳನ್ನು ತೆಗೆಸಿ ಅಲ್ಲಿ ಚಾಪೆ ಹಾಸಿಸಿದಳು. ಊರು ಸುಮ್ಮನಿರಲಿಲ್ಲ. ಮಗಳ ಸವತಿಗೆ ಬಾಣಂತನ ಮಾಡುವ ಮನೆ ಎಂದು ನಲ್ಲಿಯ ಹತ್ತಿರ, ಕಣದ ಹತ್ತಿರ, ಶಾಲೆಯಲ್ಲಿ ನನ್ನ ಜೊತೆಯ ಮಕ್ಕಳ ಬಾಯಲ್ಲಿ ಕೂಡ ಕೇಳಬೇಕಾಯಿತು. ನಾನು ಅತ್ತುಕೊಂಡು ಬಂದ ದಿನ ಅವ್ವ ನನ್ನ ಮುಖ ತೊಳೆಸಿ, ಅವರ ಮನೆಯ ಒಲೆಯಲ್ಲಿ ಬೆಂಕಿ ಇಲ್ಲವೇನೋ, ನಮ್ಮ ಮನೆಯ ಹೊಗೆ ನೋಡುತ್ತಾರೆ ಎಂದಳು. ಅಪ್ಪ ರತ್ನಳಿಗೆ ಬೇಕಾದ್ದನ್ನೆಲ್ಲ ತಂದುಹಾಕುತ್ತಿದ್ದ. ಆದರೆ ಅವಳನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಅವ್ವನಿಗೆ ಹೇಳುತ್ತಿದ್ದ. ಅವಳೂ ಅವನ ಎದುರು ಬರುತ್ತಿರಲಿಲ್ಲ.

ಸಂಕ್ರಾಂತಿಯ ಹಿಂದುಮುಂದಿನ ಒಂದು ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ಸೂಲಗಿತ್ತಿಯ ಜೊತೆ ಕೋಣೆಯೊಳಗಿದ್ದವರು ಅಜ್ಜಿ ಮತ್ತು ಅವ್ವ. ಸಣ್ಣತ್ತೆ ಒಳಗಿರಲಿಲ್ಲ. ಮಗು ಅತ್ತದ್ದು ಕೇಳಿ ಅವಳಿಗೆ ಹೇಳಲು ನಾನು ಹಿತ್ತಿಲಿಗೆ ಓಡಿದೆ. ಅವಳು ತೊಳೆದಿದ್ದ ಹಂಡೆಯನ್ನೇ ಮತ್ತೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಹೆಣ್ಣೋ ಗಂಡೋ ಎಂದು ಕೇಳಿದಳು. ಹೆಣ್ಣು ಎಂದೆ. ನೀರು ಕಾದಿದೆಯಾ ನೋಡು ಎಂದಳು. ನಾನು ಬಚ್ಚಲ ಒಲೆಯ ಕಡೆ ಹೋಗಿ ತಿರುಗಿದಾಗ ಅವಳು ಹಂಡೆಯೊಳಗೆ ಮುಖವಿಟ್ಟು ಅಳುತ್ತಿದ್ದಳು. ಆ ಹಂಡೆಯಿಂದ ಬಂದ ದನಿಯನ್ನು ನಾನು ಯಾರಿಗೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಕೈಕಾಲು ತೊಳೆದು, ಬಿಸಿನೀರು ಹೊತ್ತು ಒಳಗೆ ಹೋದಳು. ಮಗುವಿಗೆ ಮೊದಲ ನೀರು ಹಾಕಿದವಳು ಅವಳೇ.

ಬಹಳ ವರ್ಷಗಳ ಮೇಲೆ, ನನಗೂ ಮದುವೆಯಾಗಿ, ನನ್ನ ಮೊದಲ ಗೌರಿ ಹಬ್ಬಕ್ಕೆ, ಇದೆಲ್ಲ ಆದ ಮೇಲೆ ಹುಟ್ಟಿದ ನನ್ನ ತಮ್ಮ ಬಾಗಿನ ತಂದ ಮೇಲೆ, ಸಣ್ಣತ್ತೆಯನ್ನು ನೋಡಲು ಹೋಗಿದ್ದೆ. ನೀನು ಆವತ್ತು ಎಷ್ಟು ದೊಡ್ಡ ಮನಸ್ಸು ಮಾಡಿದೆ ಎಂದು ಹೇಳಿದೆ. ಅವಳಿಗೆ ಆ ಮಾತು ಹಿಡಿಸಲಿಲ್ಲ. ದೊಡ್ಡ ಮನಸ್ಸು ಏನೂ ಇಲ್ಲ ಎಂದಳು. ಮಾವನನ್ನು ತಾನು ಕ್ಷಮಿಸಿಲ್ಲ, ಅದು ತನ್ನ ಕೈಲಿ ಆಗುವ ಕೆಲಸವೂ ಅಲ್ಲ ಎಂದಳು. ರತ್ನಳ ಮೇಲೂ ಮೊದಲ ದಿನಗಳಲ್ಲಿ ಹೊಟ್ಟೆಕಿಚ್ಚು ಬಿದ್ದಿದ್ದೇನೆ, ಅವಳ ಅನ್ನಕ್ಕೆ ಉಪ್ಪು ಜಾಸ್ತಿ ಹಾಕಿದ್ದೇನೆ ಎಂದಳು.

"ಒಂದಿನ ನನ್ನ ಮ್ಯಾಲೆ ಕ್ವಾಪ ಮಾಡ್ಕಂಡು ಗಂಟು ಕಟ್ಕಂಡು ಹೊಂಟ್ಲು ಕಣವ್ವ. ಬೀದಿ ಬಾಗ್ಲಲ್ಲಿ ನಿಂತ್ಕಂಡ್ಲು. ಎಲ್ಲಿಗೆ ಓಗೋದು? ಓಗಕ್ಕೆ ಒಂದು ಮನೆ ಇಲ್ಲ. ಹಂಗೇ ತಿರುಗಿ ಬಂದು ಕಸ ಗುಡಿಸಿದ್ಲು. ನಂಗೆ ಕ್ವಾಪ ಬಂದ್ರೆ ನಾನು ಓಗಬೋದಿತ್ತು, ಓಗ್ನಿಲ್ಲ. ಅವ್ಳು ಓಗಂಗೇ ಇರ್ನಿಲ್ಲ. ಅದ ನೋಡಿದ್ ಮ್ಯಾಲೆ ನಂಗೆ ಉಪ್ಪು ಹಾಕಕ್ಕೆ ಮನಸ್ಸು ಬರ್ನಿಲ್ಲ."

ಗೌರಿಯ ಕಥೆಗಳನ್ನು ಪುರಾಣ ಹೇಳುವವರ ಬಾಯಲ್ಲಿ ಆಮೇಲೆ ಎಷ್ಟೋ ಕೇಳಿದ್ದೇನೆ. ಆ ದಿನ ಹೆಂಗಸರು ಯಾಕೆ ದಾರ ಕಟ್ಟಿಕೊಳ್ಳುತ್ತಾರೆ, ಯಾಕೆ ಹದಿನಾರು ಗಂಟು, ಎಲ್ಲಕ್ಕೂ ಅವರಲ್ಲಿ ಉತ್ತರವಿರುತ್ತದೆ. ನಾನು ಹಬ್ಬದ ಅರ್ಥವನ್ನು ತಿಳಿದುಕೊಂಡದ್ದು ಅತ್ತೆಯ ಈ ಮಾತಿನಿಂದ. ಹೋಗಲು ಒಂದು ಮನೆ ಇದೆ ಎಂದು ಗೊತ್ತಿದ್ದರೆ ಹೆಣ್ಣು ಇದ್ದ ಮನೆಯಲ್ಲಿ ತಲೆ ಎತ್ತಿಕೊಂಡು ಇರುತ್ತಾಳೆ.

ರತ್ನಳ ಮಗು ಹುಟ್ಟಿದ ಆ ವರ್ಷ, ಯುಗಾದಿ ಕಳೆದು ಮಗುವಿಗೆ ಮೂರು ತಿಂಗಳು ತುಂಬಿದಾಗ, ಅವಳೂ ಸಣ್ಣತ್ತೆಯೂ ಹೊರಟರು. ಅವ್ವ ರತ್ನಳನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಬೆಲ್ಲ, ಕೊಬ್ಬರಿಯಿಂದ ಮಡಿಲು ತುಂಬಿದಳು. ಅಜ್ಜಿ ಮುಟ್ಟದೆ ದೂರದಲ್ಲಿ ನಿಂತಿದ್ದಳು. ರತ್ನ ಎದ್ದವಳೇ ಹೋಗಿ ಅವಳ ಕಾಲು ಹಿಡಿದಳು. ಶುಭದ ಹೊತ್ತಿನಲ್ಲಿ ನನ್ನ ಹತ್ತಿರ ಬರಬೇಡ ಎಂದು ಅಜ್ಜಿ ಹಿಂದಕ್ಕೆ ಸರಿದರೂ ಬಿಡಲಿಲ್ಲ. ಅಪ್ಪ ಬಟ್ಟೆಗಂಟು ಹೊತ್ತು ಮುಂದೆ ನಡೆದ. ಸಣ್ಣತ್ತೆ ಮಗುವನ್ನು ಎದೆಗೆ ಒತ್ತಿಕೊಂಡು ಅವನ ಹಿಂದೆ. ಕೊನೆಗೆ ನಾನು ಮತ್ತು ರತ್ನ. ಕೇರಿ ದಾಟುವವರೆಗೆ ಅವಳು ಗಟ್ಟಿಯಾಗಿಯೇ ಇದ್ದಳು. ಬಸ್ಸು ಬರುವುದು ಕಂಡಾಗ ರಸ್ತೆಯ ಅಂಚಿನಲ್ಲೇ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಗಂಡನ ಮನೆಗೆ ಹೊರಟ ಹೆಣ್ಣುಮಕ್ಕಳು ಅಳುವ ಹಾಗೆ ಅಳತೊಡಗಿದಳು. ಬಸ್ಸು ನಿಂತಿತ್ತು. ಒಳಗಿದ್ದವರು ಬಗ್ಗಿ ನೋಡುತ್ತಿದ್ದರು. ಕಂಡಕ್ಟರ್ ಅವಸರ ಮಾಡಿದ. ಅಪ್ಪ ಗಂಟನ್ನು ಬಸ್ಸಿನೊಳಗಿಟ್ಟು ಕೆಳಗಿಳಿದು ಬಂದ. ಅವಳ ಮುಂದೆ ನಿಂತ. ಆಮೇಲೆ ಬಗ್ಗಿ, ಮೊದಲ ಸಲ ಅವಳನ್ನೇ ನೋಡಿ ಮಾತಾಡಿದ.

"ಏಳು ತಂಗಿ. ಗೌರಿ ಹಬ್ಬಕ್ಕೆ ನಾನೇ ಬತ್ತೀನಿ."